ಒಬ್ಬರಿಗೆ ಅತಿ ಸುಲಭ, ಇನ್ನೊಬ್ಬರಿಗೆ ಅಸಾಧ್ಯ: ‘ನೀರುಗಂಟಿ’ ಎಂಬ ಮೊದಲ ಜಾಮ್ ಆಟದ ಪ್ರಕರಣ ಅಧ್ಯಯನ

‘ನೀರುಗಂಟಿ’ ಆಟ ಮಾಡಿದ್ದು ಮಂಡ್ಯದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಕೊಟ್ಟ ವಿಷಯದ ಮೇಲೆ, ಗೊತ್ತುಪಡಿಸಿದ ಅವಧಿಯೊಳಗೆ ಆಟವೊಂದನ್ನು ಮಾಡಿ ಮುಗಿಸುವ ಸ್ಪರ್ಧೆಗೆ ಗೇಮ್ ಜಾಮ್ ಎನ್ನುತ್ತಾರೆ; ಆಕೆಗೆ ಇದೇ ಮೊದಲನೆಯದು. ಅವಧಿ 72 ಗಂಟೆ, ಕೊಟ್ಟಿದ್ದ ವಿಷಯ ‘ಸರದಿ’. ಬಳಸಿದ್ದು ಗೊಡೋ 4.2 ಎಂಬ ಗೇಮ್ ಎಂಜಿನ್, ಅಂದರೆ ಆಟ ತಯಾರಿಸುವ ತಂತ್ರಾಂಶ. ಬ್ರೌಸರಿನಲ್ಲೇ ಆಡುವಂತೆ, ಆಟಗಳನ್ನು ಹಂಚಿಕೊಳ್ಳುವ ಇಚ್.ಐಒ ಜಾಲತಾಣದ ಪುಟಕ್ಕೆ ಏರಿಸಿದ್ದರು.

ಆಟ ಇಷ್ಟೇ. ನಾಲೆ ಏರಿಯ ಉದ್ದಕ್ಕೂ ಐದು ತೂಬು, ಒಂದೊಂದರ ಕೆಳಗೆ ಒಂದು ಜಮೀನು. ಎಡದಿಂದ ಬಲಕ್ಕೆ ಭತ್ತ, ಕಬ್ಬು, ಕಬ್ಬು, ಭತ್ತ, ರಾಗಿ. ಪ್ರತಿ ಜಮೀನಿಗೂ 0ಯಿಂದ 100ರವರೆಗೆ ತೇವದ ಅಳತೆ, ಶುರುವಿನಲ್ಲಿ ಎಲ್ಲವೂ 50. ನೀರುಗಂಟಿ (ಜಮೀನುಗಳಿಗೆ ನೀರು ಬಿಡುವವನು) ಏರಿ ಮೇಲೆ ಓಡಾಡಿ ತೂಬು ತೆಗೆಯಬೇಕು, ಮುಚ್ಚಬೇಕು. ಒಂದು ಜಮೀನು ಒಣಗಿದರೂ ಸೋಲು; 90 ಸೆಕೆಂಡ್ ಕಾಪಾಡಿಕೊಂಡರೆ ಗೆಲುವು. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರನ್ನು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಬಿಡುವುದನ್ನು ಕಂಡು ಬೆಳೆದವರಿಗೆ ‘ಸರದಿ’ ಅಂದ ತಕ್ಷಣ ಹೊಳೆಯುವ ಚಿತ್ರ ಇದು. ಜಾಮ್ ಆಟಕ್ಕೆ ಇದಕ್ಕಿಂತ ಒಳ್ಳೆಯ ಬೀಜ ಸಿಗುವುದು ಕಷ್ಟ: ಒಂದೇ ಪರದೆ, ಒಂದೇ ಕೆಲಸ, ನೋಡಿದರೆ ಅರ್ಥವಾಗುವ ಗುರಿ.

ಆದರೆ ಫಲಿತಾಂಶ ಬಂದಾಗ ಆಟ ಪಟ್ಟಿಯ ಕೆಳಭಾಗದಲ್ಲಿತ್ತು. ಬಂದ ಅಭಿಪ್ರಾಯಗಳನ್ನು ಸಾಲಾಗಿಟ್ಟು ಓದಿದರೆ ತಲೆ ಕೆಡುತ್ತದೆ. ‘ಅತಿ ಸುಲಭ, ಬೇಸರ ಬಂತು’ ಎಂದವರಿದ್ದಾರೆ. ‘ಗೆಲ್ಲಲು ಸಾಧ್ಯವೇ ಇಲ್ಲ’ ಎಂದವರೂ ಇದ್ದಾರೆ. ‘ಅಕ್ಷರದ ಜಾಗದಲ್ಲಿ ಬರೀ ಚೌಕ ಕಾಣುತ್ತಿದೆ’ ಎಂದು ಒಬ್ಬರು, ‘ಚಿತ್ರ ಚೆನ್ನಾಗಿದೆ’ ಎಂದು ಮತ್ತೊಬ್ಬರು, ‘ಇನ್ನಷ್ಟು ಹಂತ ಸೇರಿಸಿ, ಅಂಗಡಿ ಸೇರಿಸಿ’ ಎಂದು ಇನ್ನೊಬ್ಬರು. ಸಲಹೆ ಕೇಳಲು ಬಂದ ವಿದ್ಯಾರ್ಥಿನಿಯ ಪ್ರಶ್ನೆ ನೇರವಾಗಿತ್ತು: “ಸರ್, ಕಷ್ಟ ಮಾಡ್ಲಾ, ಸುಲಭ ಮಾಡ್ಲಾ?”

ಎರಡೂ ಬೇಡ. ಇಂಥ ಅಭಿಪ್ರಾಯಗಳನ್ನು ಕೂಡಿಸಿ ಸರಾಸರಿ ತೆಗೆಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಇಬ್ಬರು ತದ್ವಿರುದ್ಧ ಹೇಳಿದರೆಂದರೆ ಇಬ್ಬರೂ ಬೇರೆ ಬೇರೆ ಆಟ ಆಡಿದ್ದಾರೆ ಎಂದು ಮೊದಲು ಶಂಕಿಸಬೇಕು. ಇಲ್ಲಿ ಆಗಿದ್ದೂ ಅದೇ.

ಎರಡು ಪರದೆ, ಎರಡು ಆಟ

ತೇವ ಇಳಿಯುವ ಲೆಕ್ಕವನ್ನು ಆಕೆ ಪ್ರತಿ ಫ್ರೇಮಿಗೊಮ್ಮೆ, ಅಂದರೆ ಪರದೆಯ ಚಿತ್ರ ಹೊಸದಾಗಿ ಮೂಡಿದಾಗಲೆಲ್ಲ, ನಡೆಯುವ ಪ್ರೊಸೆಸ್ ಫಂಕ್ಷನ್ನಿನೊಳಗೆ ಬರೆದಿದ್ದರು. ಭತ್ತಕ್ಕೆ ಸೆಕೆಂಡಿಗೆ 4, ಕಬ್ಬಿಗೆ 2.5, ರಾಗಿಗೆ 1 ಇಳಿಯಬೇಕು ಎಂಬುದು ಯೋಜನೆ. ಸೆಕೆಂಡಿಗೆ 60 ಫ್ರೇಮ್ ಎಂದು ನಂಬಿ ಪ್ರತಿ ಫ್ರೇಮಿಗೆ 4ನ್ನು 60ರಿಂದ ಭಾಗಿಸಿ ಕಳೆದಿದ್ದರು. ಆಕೆಯ ಲ್ಯಾಪ್‌ಟಾಪಿನ ಪರದೆ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು), ಹಾಗಾಗಿ ಅಲ್ಲಿ ಲೆಕ್ಕ ಸರಿಯಾಗೇ ಬರುತ್ತಿತ್ತು. ಬ್ರೌಸರಿನಲ್ಲಿ ಆಟ ಓಡುವುದು ನೋಡುವವರ ಪರದೆಯ ದರಕ್ಕೆ. 144 ಹರ್ಟ್ಸ್ ಗೇಮಿಂಗ್ ಮಾನಿಟರ್ ಇದ್ದವರಿಗೆ ಭತ್ತದ ತೇವ ಸೆಕೆಂಡಿಗೆ 9.6ರಂತೆ ಇಳಿಯುತ್ತದೆ. ಅದೇ ಹೊತ್ತಿಗೆ ತೂಬಿನಿಂದ ನೀರು ತುಂಬುವ ಲೆಕ್ಕವನ್ನು ಬೇರೆ ಟೈಮರ್ ನೋಡಿಕೊಳ್ಳುತ್ತಿತ್ತು. ಅದಕ್ಕೆ ಫ್ರೇಮಿನ ಹಂಗಿಲ್ಲ, ಎಲ್ಲರಿಗೂ ಸೆಕೆಂಡಿಗೆ 6. ಅಂದರೆ ತೂಬು ಪೂರ್ತಿ ತೆರೆದಿದ್ದರೂ ಭತ್ತ ಸೆಕೆಂಡಿಗೆ 3.6 ಕಳೆದುಕೊಳ್ಳುತ್ತದೆ. ಮೊದಲ ತೂಬಿನಿಂದ, ಇನ್ನೊಂದು ಭತ್ತದ ಗದ್ದೆಯಿರುವ ನಾಲ್ಕನೇ ತೂಬಿನವರೆಗೆ ಓಡಲು 3 ಸೆಕೆಂಡ್, ಪ್ರತಿ ತೂಬಿನ ಬಳಿ ಕೀ ಹಿಡಿದು ನಿಲ್ಲಲು 1 ಸೆಕೆಂಡ್. ಯಾವ ಕ್ರಮದಲ್ಲಿ ಓಡಿದರೂ ಆ ಪರದೆಯಲ್ಲಿ 6 ಸೆಕೆಂಡ್ ದಾಟಲು ಆಗುವುದಿಲ್ಲ. ‘ಸಾಧ್ಯವೇ ಇಲ್ಲ’ ಎಂದವರ ಮಾತು ಅಕ್ಷರಶಃ ನಿಜ.

ಪರಿಹಾರ ಒಂದು ಸಾಲಿನದು: 60ರ ಭಾಗಾಕಾರ ತೆಗೆದು, 4ನ್ನು ಡೆಲ್ಟಾದಿಂದ ಗುಣಿಸಿ ಕಳೆಯಬೇಕು. ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಸೆಕೆಂಡ್ ಕಳೆಯಿತು ಎಂಬುದೇ ಡೆಲ್ಟಾ. ದರ ಎಷ್ಟಿದ್ದರೂ ಒಂದು ಸೆಕೆಂಡಿನಲ್ಲಿ ಅವೆಲ್ಲ ಕೂಡಿ 1 ಆಗುತ್ತವೆ. ಇಲ್ಲವೇ ಇಡೀ ಲೆಕ್ಕವನ್ನು ಫಿಸಿಕ್ಸ್ ಪ್ರೊಸೆಸ್ಸಿಗೆ ವರ್ಗಾಯಿಸಬಹುದು. ಅದು ಬೇರೆ ಹೇಳದಿದ್ದರೆ ಸೆಕೆಂಡಿಗೆ 60 ಸಲ ನಡೆಯುತ್ತದೆ. ಇದನ್ನು ಪರೀಕ್ಷಿಸಲು ದುಬಾರಿ ಮಾನಿಟರ್ ಬೇಕಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸಿನಲ್ಲಿ ಗರಿಷ್ಠ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಮಿತಿ) 30 ಎಂದಿಟ್ಟು, ಒಂದೂ ತೂಬು ತೆಗೆಯದೆ ಭತ್ತ ಒಣಗುವ ಹೊತ್ತನ್ನು ಫೋನಿನ ಸ್ಟಾಪ್‌ವಾಚಿನಲ್ಲಿ ಅಳೆದರೆ ಸಾಕು. 12.5 ಸೆಕೆಂಡ್ ಬರಬೇಕು. 25 ಬಂದರೆ ಲೆಕ್ಕ ಇನ್ನೂ ಫ್ರೇಮಿಗೆ ಅಂಟಿಕೊಂಡೇ ಇದೆ.

ಈ ಕಾರಣಕ್ಕೇ ಫೀಡ್‌ಬ್ಯಾಕ್ ಕೊಡುವವರು ತಮ್ಮ ಯಂತ್ರದ ವಿವರ ಬರೆಯಲೇಬೇಕು: ಯಾವ ಬ್ರೌಸರ್, ಲ್ಯಾಪ್‌ಟಾಪೋ ಫೋನೋ, ಪರದೆಯ ದರ ಎಷ್ಟು. ‘ಕಷ್ಟ’ ಎಂಬ ಒಂದು ಪದಕ್ಕಿಂತ ‘144 ಹರ್ಟ್ಸ್, ಕ್ರೋಮ್, 5 ಸೆಕೆಂಡಿಗೆ ಸೋಲು’ ಎಂಬ ಒಂದು ಸಾಲು ಆಕೆಗೆ ನೂರು ಪಟ್ಟು ಉಪಯೋಗ.

‘ಅತಿ ಸುಲಭ’ದ ಮೂಲ

60 ಹರ್ಟ್ಸ್‌ನಲ್ಲಿ ಆಡಿದವರ ದೂರು ಬೇರೆ ಬೇರಿನದು, ಇದು ವಿನ್ಯಾಸಕ್ಕೆ ಸಂಬಂಧಿಸಿದ್ದು. ತೆರೆದ ಪ್ರತಿ ತೂಬೂ ಸೆಕೆಂಡಿಗೆ 6 ಕೊಡುತ್ತಿತ್ತು. ಒಂದು ತೆರೆದರೂ 6, ಐದೂ ತೆರೆದರೂ ತಲಾ 6. ನಾಲೆಯಲ್ಲಿ ನೀರಿಗೆ ಬರವೇ ಇಲ್ಲ. ಎಡದಿಂದ ಓಡುತ್ತಾ ಐದೂ ತೂಬು ತೆಗೆಯಲು 9 ಸೆಕೆಂಡ್ ಸಾಕು. ಆಮೇಲೆ ಭತ್ತಕ್ಕೆ 2, ಕಬ್ಬಿಗೆ 3.5, ರಾಗಿಗೆ 5 ಏರುತ್ತಲೇ ಇರುತ್ತದೆ. ಉಳಿದ 81 ಸೆಕೆಂಡ್ ಕೈ ಕಟ್ಟಿ ಕೂತರೂ ಗೆಲುವು. ಮುಚ್ಚುವ ಅಗತ್ಯವೇ ಬೀಳದ ಮೇಲೆ ಸರದಿ ಎಲ್ಲಿಂದ ಬಂತು? ವಿಷಯಕ್ಕೆ ಹೊಂದಿಕೆ ಎಂಬ ವಿಭಾಗದಲ್ಲಿ ಕಡಿಮೆ ಅಂಕ ಬಿದ್ದದ್ದು ಇದಕ್ಕೇ. ಚಿತ್ರದಲ್ಲಿ ಸರದಿ ಇತ್ತು, ನಿಯಮದಲ್ಲಿ ಇರಲಿಲ್ಲ.

ಇಲ್ಲಿ ಹೊಸಬರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ‘ಇನ್ನೇನಾದರೂ ಸೇರಿಸು’ ಎಂಬುದು. ಹಂದಿ ಕಾಟ ಸೇರಿಸು, ಮಳೆ ಸೇರಿಸು, ತೂಬು ಒಡೆಯುವ ಹಾಗೆ ಮಾಡು. ಒಂದನ್ನೂ ಸೇರಿಸಬೇಕಿಲ್ಲ. ಇರುವ ಒಂದು ನಿಯಮವನ್ನು ಬದಲಿಸಬೇಕು: ನಾಲೆಗೆ ಇಷ್ಟೇ ನೀರು ಎಂದು ಗೊತ್ತುಮಾಡಿ, ತೆರೆದಿರುವ ತೂಬುಗಳಿಗೆ ಸಮವಾಗಿ ಹಂಚಬೇಕು.

ಎಷ್ಟು ನೀರು ಎಂಬುದನ್ನು ಊಹೆಗೆ ಬಿಡದೆ ಕಾಗದದ ಮೇಲೆ ಲೆಕ್ಕ ಹಾಕಬಹುದು, ಹಾಕಬೇಕು. ಐದೂ ಜಮೀನು ಸೇರಿ ಸೆಕೆಂಡಿಗೆ ಕುಡಿಯುವುದು 4+2.5+2.5+4+1, ಒಟ್ಟು 14. 90 ಸೆಕೆಂಡಿಗೆ 1,260. ಶುರುವಿನಲ್ಲೇ ಇರುವ ತೇವ 250. ಆದ್ದರಿಂದ ನಾಲೆ ಕೊಡಲೇಬೇಕಾದ್ದು ಕನಿಷ್ಠ 1,010. ನಾಲೆಗೆ ಸೆಕೆಂಡಿಗೆ 12 ಇಟ್ಟರೆ 1,080 ಬರುತ್ತದೆ, ಮಿಗುವುದು 70. ಆರು ಸೆಕೆಂಡಿನಷ್ಟು ನೀರು ಪೋಲಾದರೆ ಸೋಲು ಖಚಿತ; ಮೊದಲ ಸಲ ಆಡುವವರಿಗೆ ಇದು ನಿರ್ದಯ. 14 ಇಟ್ಟರೆ ಮಿಗುವುದು 250, ತಪ್ಪಿಗೆ ಜಾಗವಿದೆ. ಹಾಗಾದರೆ ಎಲ್ಲ ತೂಬೂ ತೆರೆದು ಕೂರುವವರ ಗತಿ? ತಲಾ 2.8 ಸಿಗುತ್ತದೆ. ಕಬ್ಬು ನಿಧಾನವಾಗಿ ಏರುತ್ತದೆ, ರಾಗಿ 28 ಸೆಕೆಂಡಿಗೆ ತುಂಬಿ ತುಳುಕಿ ನೀರು ಪೋಲಾಗುತ್ತದೆ, ಭತ್ತ ಸೆಕೆಂಡಿಗೆ 1.2 ಕಳೆದುಕೊಳ್ಳುತ್ತಾ, ಶುರುವಿನಿಂದಲೇ ತೆರೆದಿಟ್ಟಿದ್ದರೂ 42 ಸೆಕೆಂಡಿಗೆ ಒಣಗುತ್ತದೆ. ಸುಮ್ಮನೆ ಕೂರುವುದಕ್ಕೆ ಶಿಕ್ಷೆ ತಾನಾಗೇ ಬಂತು, ಒಂದು ಹೊಸ ಚಿತ್ರವನ್ನೂ ಬರೆಯದೆ. ರಾಗಿ ತೂಬು ಮುಚ್ಚಿ ಭತ್ತಕ್ಕೆ ಓಡಬೇಕು ಎಂಬ ತೀರ್ಮಾನವನ್ನು ಆಟಗಾರನೇ ತೆಗೆದುಕೊಳ್ಳುತ್ತಾನೆ. ಈ ಆಟದ ಜೀವ ಇರುವುದು ಆ ತೀರ್ಮಾನದಲ್ಲಿ.

ಒಂದು ಎಚ್ಚರಿಕೆ: ಡೆಲ್ಟಾ ಸರಿಪಡಿಸದೆ ಈ ಅಂಕಿಗಳನ್ನು ಮುಟ್ಟಬಾರದು. ಫ್ರೇಮಿಗೆ ಅಂಟಿದ ಲೆಕ್ಕದ ಮೇಲೆ ಸಮತೋಲನ ಮಾಡಿದರೆ ಅದು ಒಂದೇ ಲ್ಯಾಪ್‌ಟಾಪಿಗೆ ಮಾಡಿದ ಸಮತೋಲನ.

ಮೊದಲ 15 ಸೆಕೆಂಡ್

ಹೊಸಬರ ಆಟವನ್ನು ಪರೀಕ್ಷಿಸುವ ಕ್ರಮ ಸರಳ, ಆದರೆ ಪಾಲಿಸುವುದು ಕಷ್ಟ. ಆಟವನ್ನು ಎಂದೂ ನೋಡಿರದ ಒಬ್ಬರನ್ನು ಕೂರಿಸಿ, ಮಾಡಿದವರು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು, ಪರದೆಯನ್ನು ರೆಕಾರ್ಡ್ ಮಾಡಬೇಕು. ‘ನೀರುಗಂಟಿ’ಯನ್ನು ಆಕೆಯ ಚಿಕ್ಕಪ್ಪನ ಮಗ ಆಡಿದ. ಬಾಣದ ಕೀ ಒತ್ತಿ ಓಡಿದ. ಮೂರು ತೂಬು ದಾಟಿ ಹೋದ. ಹಿಂದೆ ಬಂದ. ತೂಬಿನ ಮೇಲೆ ಮೌಸ್ ಕ್ಲಿಕ್ ಮಾಡಿದ, ಸ್ಪೇಸ್ ಒತ್ತಿದ, ಎಂಟರ್ ಒತ್ತಿದ. ಅಷ್ಟರಲ್ಲಿ 12.5 ಸೆಕೆಂಡ್ ಕಳೆದು ಮೊದಲ ಗದ್ದೆ ಒಣಗಿತು. ಎರಡನೇ ಸಲ ‘ಇ’ ಕೀ ಸಿಕ್ಕಿತು. “ಅಕ್ಕಾ, ಒತ್ತಿದ್ರೂ ಏನೂ ಆಯ್ತಿಲ್ಲ ಕಣಕ್ಕ.” “ಒತ್ತಿ ಹಿಡ್ಕೊ ಕಣೋ!” ಆ ಉತ್ತರ ಬಾಯಿಂದ ಬಿದ್ದ ಗಳಿಗೆಗೆ ಪರೀಕ್ಷೆ ಮುಗಿಯಿತು, ಆಟ ಹೇಳಬೇಕಿದ್ದನ್ನು ಅಕ್ಕ ಹೇಳಿದ್ದಾಯಿತು. ಜಾಮ್‌ನಲ್ಲಿ ಅಂಕ ಹಾಕುವವರ ಪಕ್ಕ ಯಾವ ಅಕ್ಕನೂ ಕೂತಿರುವುದಿಲ್ಲ.

ಸೂಚನೆಗಳು ಇರಲಿಲ್ಲ ಎಂದಲ್ಲ. ಆಟದ ಪುಟದಲ್ಲಿ ಉದ್ದಕ್ಕೆ ಬರೆದಿದ್ದರು. ಅಂಕ ಹಾಕುವವರು ಹತ್ತಾರು ಆಟಗಳನ್ನು ಒಂದರ ಹಿಂದೊಂದು ತೆರೆಯುತ್ತಾರೆ, ಪುಟದ ಕೆಳಭಾಗಕ್ಕೆ ಅವರ ಕಣ್ಣು ಇಳಿಯುವುದಿಲ್ಲ. ಸೂಚನೆ ಬೇಕಾದ ಜಾಗ ತೂಬಿನ ತಲೆಯ ಮೇಲೆ, ಬೇಕಾದ ಹೊತ್ತು ನೀರುಗಂಟಿ ಅದರ ಹತ್ತಿರ ಬಂದಾಗ. ಮಾಡಬೇಕಾದ್ದು ಇಷ್ಟು: ತೂಬಿನ ಸುತ್ತ, ಯಾರಾದರೂ ಒಳಬಂದರೆ ಗುರುತಿಸುವ ಒಂದು ಏರಿಯಾ2ಡಿ ನೋಡ್, ಒಳಗೆ ಬಂದಾಗ ಕೀಯ ಚಿತ್ರ ಕಾಣಿಸುವುದು, ಹೊರಗೆ ಹೋದಾಗ ಮರೆಯಾಗುವುದು. ಒತ್ತಿ ಹಿಡಿಯುವ 1 ಸೆಕೆಂಡನ್ನು ಪೂರ್ತಿ ತೆಗೆದು, ಒಮ್ಮೆ ಒತ್ತಿದರೆ ತೆರೆಯುವಂತೆ, ಮತ್ತೊಮ್ಮೆ ಒತ್ತಿದರೆ ಮುಚ್ಚುವಂತೆ ಮಾಡುವುದು ಒಳ್ಳೆಯದು. ಹಿಡಿಯುವುದು ಬೇಕೇ ಬೇಕೆಂದರೆ ಎಷ್ಟು ಹೊತ್ತು ಆಯಿತೆಂದು ತೋರಿಸುವ ತುಂಬುವ ಪಟ್ಟಿ ಇರಬೇಕು. ಇಲ್ಲದಿದ್ದರೆ ಒತ್ತಿ ಬಿಟ್ಟವರೆಲ್ಲ ಆಟ ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಇದರ ಜೊತೆಗೆ, ಮೊದಲ ತೂಬು ತೆರೆಯುವವರೆಗೆ ಯಾವ ಜಮೀನೂ ಒಣಗಬಾರದು, ಗಡಿಯಾರವೂ ಓಡಬಾರದು. ಕಲಿಯಲು ಸಿಗುವ ಆ ಬಿಡುವಿನಿಂದ ಆಟದ ಕಷ್ಟವೇನೂ ಕಡಿಮೆಯಾಗುವುದಿಲ್ಲ.

ತೇವದ ಅಳತೆ ಹಸಿರಿನಿಂದ ಕೆಂಪಿಗೆ ತಿರುಗುತ್ತಿತ್ತು. ಕೆಂಪು ಹಸಿರು ಬೇರ್ಪಡಿಸಲಾಗದ ಬಣ್ಣಗುರುಡು ಇರುವವರಿಗೆ ಇದು ಕಾಣುವುದಿಲ್ಲ. ಮಣ್ಣು ಬಿರುಕು ಬಿಡುವ ಎರಡು ಚಿತ್ರ ಬರೆದು, 40ಕ್ಕಿಂತ ಕೆಳಗಿಳಿದಾಗ ಒಂದು, 20ಕ್ಕೆ ಇನ್ನೊಂದು ಹಾಕಿದರೆ ಅಳತೆಯ ಪಟ್ಟಿಯನ್ನೇ ನೋಡಬೇಕಿಲ್ಲ. ಬಿರುಕು ಬಿಟ್ಟ ಗದ್ದೆಯನ್ನು ಓದಲು ಯಾರಿಗೂ ಕಲಿಸಬೇಕಿಲ್ಲ.

ಚೌಕಗಳಾದ ಕನ್ನಡ

ಆಕೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕನ್ನಡ ಅಕ್ಷರಗಳು ಒತ್ತಕ್ಷರ ಸಮೇತ ಚೆನ್ನಾಗಿ ಮೂಡುತ್ತಿದ್ದವು. ಬ್ರೌಸರಿನಲ್ಲಿ ಎಲ್ಲವೂ ಚೌಕ. ಗೊಡೋ ಜೊತೆ ಬರುವ ಫಾಂಟಿನಲ್ಲಿ ಕನ್ನಡ ಇಲ್ಲ. ಕಂಪ್ಯೂಟರಿನಲ್ಲಿ ಓಡುವಾಗ ಅದು ವ್ಯವಸ್ಥೆಯ ಕನ್ನಡ ಫಾಂಟನ್ನು ಸದ್ದಿಲ್ಲದೆ ಎರವಲು ಪಡೆಯುತ್ತದೆ. ವೆಬ್ ರಫ್ತಿನಲ್ಲಿ, ಅಂದರೆ ಬ್ರೌಸರಿಗೆಂದು ತಯಾರಿಸಿದ ಪ್ರತಿಯಲ್ಲಿ, ಎರವಲಿಗೆ ಏನೂ ಸಿಗುವುದಿಲ್ಲ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಕಡತವನ್ನು ಪ್ರಾಜೆಕ್ಟಿನೊಳಗೇ ಇಟ್ಟು, ಸೆಟ್ಟಿಂಗ್ಸಿನ ಜಿಯುಐ ಥೀಮ್ ಭಾಗದಲ್ಲಿ ಕಸ್ಟಮ್ ಫಾಂಟ್ ಆಗಿ ಆರಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಒತ್ತಕ್ಷರ ಜೋಡಿಸುವ ಶಕ್ತಿ ಗೊಡೋ 4ಕ್ಕೆ ಇದೆ. 3ರಲ್ಲಿ ಇರಲಿಲ್ಲ, ಅದರಲ್ಲಿ ಕೆಲಸ ಮಾಡುವವರು ಶೀರ್ಷಿಕೆಗಳನ್ನು ಚಿತ್ರವಾಗಿ ಮಾಡಿಕೊಳ್ಳುವುದು ಕ್ಷೇಮ. ಅಕ್ಷರವನ್ನು ತೀರಾ ಚಿಕ್ಕದು ಮಾಡಿದರೆ ಒತ್ತುಗಳು ಕಲಸಿಹೋಗುತ್ತವೆ, ಕೆಳಗಿನ ಸಾಲಿಗೂ ತಾಗುತ್ತವೆ. ಸಾಲಿನ ನಡುವಿನ ಅಂತರವನ್ನು ಕನ್ನಡಕ್ಕೆ ತಕ್ಕಂತೆ ಹೆಚ್ಚಿಸಲೇಬೇಕು.

ಕನ್ನಡ ತೆಗೆದು ಇಂಗ್ಲಿಷ್ ಹಾಕು ಎಂಬ ಸಲಹೆಯೂ ಬಂದಿತ್ತು. ಅದನ್ನು ಒಪ್ಪಬೇಕಿಲ್ಲ. ತೂಬು, ನೀರುಗಂಟಿ ಎಂಬ ಮಾತುಗಳಿಲ್ಲದಿದ್ದರೆ ಇದು ಎಲ್ಲಿಯದೋ ಒಂದು ಆಟವಾಗುತ್ತದೆ. ಹೊರಗಿನವರಿಗೆ ಪ್ರತಿ ಕನ್ನಡ ಸಾಲಿನ ಕೆಳಗೆ ಚಿಕ್ಕದಾಗಿ ಇಂಗ್ಲಿಷ್ ಸಾಲೊಂದಿದ್ದರೆ ಸಾಕು. ಶುರುವಿನ ಪರದೆಯಲ್ಲಿ ಆಕೆ ಅಣೆಕಟ್ಟಿನ ಮಟ್ಟ ಎಂದು 124.80 ಎಂಬ ಅಂಕಿ ಇಟ್ಟಿದ್ದರು. ಕೆಆರ್‌ಎಸ್‌ನ ಗರಿಷ್ಠ ಮಟ್ಟ ಅಷ್ಟು ಅಡಿ ಎಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಪಕ್ಕದಲ್ಲಿ ಒಂದು ಅಣೆಕಟ್ಟಿನ ಚಿತ್ರ ಇರಲಿ, ಅಂಕಿ ಹಾಗೇ ಇರಲಿ.

ಅಂಕ ಕಡಿಮೆ ಬಿದ್ದದ್ದು ಏಕೆ

ಇದು ಆಟದ ಗುಣಕ್ಕೆ ಸಂಬಂಧವಿಲ್ಲದ ಸಂಗತಿ. ಹೊಸಬರು ಇದನ್ನೇ ಗುಣ ಎಂದುಕೊಂಡು ಎದೆಗುಂದುತ್ತಾರೆ. ಇಚ್.ಐಒ ಜಾಮ್‌ಗಳಲ್ಲಿ ಮತ ಕಡಿಮೆ ಬಿದ್ದ ಆಟದ ಅಂಕವನ್ನು ಸೂತ್ರದ ಪ್ರಕಾರ ಇಳಿಸುತ್ತಾರೆ. ಆ ಜಾಮ್‌ನ ಆಟಗಳಿಗೆ ಬಿದ್ದ ಮತಗಳ ಮಧ್ಯಾಂಕಕ್ಕಿಂತ ಕಡಿಮೆ ಮತ ಇದ್ದರೆ, ಮತ ಭಾಗಿಸು ಮಧ್ಯಾಂಕ, ಅದರ ವರ್ಗಮೂಲದಿಂದ ಅಂಕವನ್ನು ಗುಣಿಸುತ್ತಾರೆ. ‘ನೀರುಗಂಟಿ’ಗೆ ಬಿದ್ದದ್ದು 9 ಮತ, ಮಧ್ಯಾಂಕ 16. 9/16ರ ವರ್ಗಮೂಲ 0.75. ಆಡಿದವರು ಕೊಟ್ಟದ್ದು 5ಕ್ಕೆ 3.6, ಪಟ್ಟಿಯಲ್ಲಿ ಕಂಡದ್ದು 2.7. ಆಡಲು ಸಿಕ್ಕವರು ಆಟವನ್ನು ಮೆಚ್ಚಿದ್ದರು.

ಮತ ಕಡಿಮೆಯಾಗಲು ಎರಡು ಕಾರಣ. ಗೊಡೋ 4.2ರ ವೆಬ್ ರಫ್ತು ಥ್ರೆಡ್‌ಗಳನ್ನು (ಒಟ್ಟಿಗೆ ನಡೆಯುವ ಕೆಲಸದ ಎಳೆಗಳನ್ನು) ಬಳಸುತ್ತದೆ, ಅದಕ್ಕೆ ಶೇರ್ಡ್ ಅರೇ ಬಫರ್ ಎಂಬ ಬ್ರೌಸರ್ ಸೌಲಭ್ಯ ಬೇಕು. ಇಚ್.ಐಒ ಪುಟದ ಸೆಟ್ಟಿಂಗಿನಲ್ಲಿ ಅದರ ಚೌಕಕ್ಕೆ ಟಿಕ್ ಹಾಕದಿದ್ದರೆ ಆಟದ ಬದಲು ದೋಷದ ಸಂದೇಶ ಬರುತ್ತದೆ. ಮತದಾನದ ಮೊದಲ ದಿನವೆಲ್ಲ ಹಾಗೇ ಇತ್ತು. ಮತದಾರರು ಹೆಚ್ಚು ಬರುವುದೂ ಆಗಲೇ. ಸರಿಪಡಿಸಿದ ಮೇಲೂ ಪುಟದ ಚೌಕಟ್ಟು 640×360ರಲ್ಲೇ ಉಳಿದಿತ್ತು, ಆಟ ಮಾಡಿದ್ದು 1152×648ಕ್ಕೆ. ಆಟವನ್ನು ಚೌಕಟ್ಟಿನ ಅಳತೆಗೆ ಹಿಗ್ಗಿಸುವ, ಕುಗ್ಗಿಸುವ ಸ್ಟ್ರೆಚ್ ಆಯ್ಕೆ ಹಾಕಿರಲಿಲ್ಲವಾದ್ದರಿಂದ ಪರದೆಯ ಮೇಲಿನ ಎಡಮೂಲೆ ಮಾತ್ರ ಕಾಣುತ್ತಿತ್ತು, ಬಲಗಡೆಯ ತೂಬುಗಳು ಚೌಕಟ್ಟಿನ ಆಚೆ. ಕಾಣದ ಗದ್ದೆ ಒಣಗಿ ಸೋತವರು ಎರಡನೇ ಸಲ ಆಡಲಿಲ್ಲ. ಸ್ಟ್ರೆಚ್ ಮೋಡ್ ಕ್ಯಾನ್ವಾಸ್ ಐಟಮ್ಸ್, ಆಸ್ಪೆಕ್ಟ್ ಕೀಪ್, ಪುಟದಲ್ಲಿ 960×540 ಮತ್ತು ಫುಲ್‌ಸ್ಕ್ರೀನ್ ಬಟನ್: ಇಷ್ಟಕ್ಕೆ ಐದು ನಿಮಿಷ. 2024ರಲ್ಲಿ ಬಂದ ಗೊಡೋ 4.3ರಿಂದ ಥ್ರೆಡ್ ಇಲ್ಲದೆ ವೆಬ್‌ಗೆ ರಫ್ತು ಮಾಡಬಹುದು, ಆ ಟಿಕ್ಕಿನ ಗೊಡವೆಯೇ ಇಲ್ಲ. ಆದರೆ ಜಾಮ್ ನಡೆಯುತ್ತಿರುವಾಗ ಎಂಜಿನ್ ಆವೃತ್ತಿ ಬದಲಿಸಬಾರದು.

ಮುಂದಿನ ಸಲಕ್ಕೆ ವೇಳಾಪಟ್ಟಿ ಹೀಗಿರಲಿ: ಮೊದಲ ದಿನ ರಾತ್ರಿಯೇ, ಆಟ ಬರೀ ಓಡುವ ಗೊಂಬೆಯಾಗಿದ್ದರೂ, ಒಮ್ಮೆ ಪುಟಕ್ಕೆ ಏರಿಸಿ ಬೇರೆಯವರ ಫೋನಿನಲ್ಲಿ, ಬೇರೆಯವರ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಬೇಕು. ಕೊನೆಯ ಆರು ಗಂಟೆ ಹೊಸದೇನನ್ನೂ ಸೇರಿಸಬಾರದು. ಮತದಾನ ಶುರುವಾದ ಮೇಲೆ ಇತರರ ಆಟಗಳನ್ನು ಆಡಿ ಮತ ಹಾಕಿ, ಗಮನವಿಟ್ಟು ನಾಲ್ಕು ಸಾಲು ಬರೆಯಬೇಕು. ಹಾಗೆ ಬರೆದವರ ಆಟವನ್ನು ಜನ ಹುಡುಕಿಕೊಂಡು ಬಂದು ಆಡುತ್ತಾರೆ.

ಸದ್ದಿನ ಬಗ್ಗೆ ಎರಡೇ ಮಾತು. ಬಳಕೆದಾರ ಒಮ್ಮೆ ಕ್ಲಿಕ್ ಮಾಡುವವರೆಗೆ ಬ್ರೌಸರ್ ಸದ್ದು ಬಿಡುವುದಿಲ್ಲ, ಆದ್ದರಿಂದ ‘ಶುರು’ ಎಂಬ ಬಟನ್ ಇರಲಿ. ಹಿನ್ನೆಲೆಗೆ ಬಳಸಿದ ಜನಪದ ಗೀತೆ ಯಾರ ಆಸ್ತಿಯೂ ಅಲ್ಲದಿರಬಹುದು, ಅದರ ಧ್ವನಿಮುದ್ರಣ ಮಾತ್ರ ಯಾರದ್ದೋ ಹಕ್ಕು. ಅದನ್ನು ತೆಗೆದು, ನಾಲೆಯ ಬಳಿ ಫೋನಿನಲ್ಲಿ ನೀರಿನ ಸದ್ದು ಹಿಡಿದು ತಂದರೆ ಆಟಕ್ಕೂ ಒಪ್ಪುತ್ತದೆ, ಹಕ್ಕಿನ ತಕರಾರೂ ಇರುವುದಿಲ್ಲ.

ಆಕೆಗೆ ಕೊಟ್ಟ ಬರಹ

ಇಷ್ಟನ್ನೂ ಒಂದೇ ಸಲ ಸುರಿದರೆ ಮೊದಲ ಆಟ ಮಾಡಿದವರು ಎರಡನೆಯದಕ್ಕೆ ಕೈ ಹಾಕುವುದಿಲ್ಲ. ಹಾಗಾಗಿ ಕೊಟ್ಟ ಫೀಡ್‌ಬ್ಯಾಕ್ ಒಂದು ಪುಟ ಮೀರಲಿಲ್ಲ. ಅದರ ಮುಖ್ಯ ಭಾಗ:

“ರಾಗಿ ತೂಬು ಮುಚ್ಚಿ ಭತ್ತಕ್ಕೆ ಓಡಬೇಕೋ ಬೇಡವೋ ಎಂದು ಯೋಚಿಸುವ ಕ್ಷಣ ಈ ಆಟದ ಒಳ್ಳೆಯ ಭಾಗ. ಈಗ ಆ ಕ್ಷಣ ಬರುತ್ತಲೇ ಇಲ್ಲ, ಏಕೆಂದರೆ ನಾಲೆಯಲ್ಲಿ ನೀರು ಮುಗಿಯುವುದೇ ಇಲ್ಲ. ಕ್ರಮವಾಗಿ ಮಾಡಿ: ಫಾಂಟ್ ಮತ್ತು ಚೌಕಟ್ಟಿನ ಅಳತೆ ಮೊದಲು, ಅವು ಸರಿಯಾಗದೆ ಯಾರೂ ಆಡಲಾರರು. ಆಮೇಲೆ ಡೆಲ್ಟಾ. ಆಮೇಲೆ ತೂಬಿನ ಮೇಲೆ ಕೀಯ ಚಿತ್ರ. ಕೊನೆಗೆ ನೀರಿನ ಹಂಚಿಕೆ, 14ರಿಂದ ಶುರು ಮಾಡಿ. ಪ್ರತಿ ಬದಲಾವಣೆಗೂ ಹೊಸ ಒಬ್ಬರನ್ನು ಕೂರಿಸಿ ಆಡಿಸಿ, ನೀವು ಮಾತಾಡಬೇಡಿ. ಹೊಸ ಹಂತ, ಅಂಗಡಿ, ಹಂದಿ ಈಗ ಬೇಡ.”

ಚಿತ್ರಗಳ ಪಿಕ್ಸೆಲ್ ಗಾತ್ರ ಒಂದಕ್ಕೊಂದು ಹೊಂದುತ್ತಿರಲಿಲ್ಲ: ನಾಲ್ಕು ಪಟ್ಟು ಹಿಗ್ಗಿಸಿದ ನೀರುಗಂಟಿ, ಹಿಗ್ಗಿಸದ ಗದ್ದೆ. ಅದನ್ನು ಬರೆಯಲಿಲ್ಲ. ಆಟ ಬಿಟ್ಟು ಹೋದವರಲ್ಲಿ ಯಾರೂ ಆ ಕಾರಣಕ್ಕೆ ಹೋಗಿರಲಿಲ್ಲ.

ಮತದಾನ ಮುಗಿಯುವವರೆಗೆ ಆಟ ಬದಲಿಸಲು ಜಾಮ್‌ನ ನಿಯಮ ಬಿಡುತ್ತಿರಲಿಲ್ಲ. ಅದಾದ ಮೇಲೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಬದಲಾವಣೆ ಮುಗಿಯಿತು. ಹೊಸದಾಗಿ ಆಡಿದವರು ಮೊದಲ ತೂಬನ್ನು ಯಾರ ಸಹಾಯವೂ ಇಲ್ಲದೆ ತೆರೆದರು. ಮೊದಲ ಸಲ ಸೋತವರು ತಾವಾಗಿಯೇ ಮತ್ತೆ ಶುರು ಮಾಡಿದರು, ‘ಕೊನೇ ಗದ್ದೆ ಮರೆತುಬಿಟ್ಟೆ’ ಎನ್ನುತ್ತಾ. ಸೋಲಿಗೆ ಆಟಗಾರ ತನ್ನ ತೀರ್ಮಾನವನ್ನು ಕಾರಣ ಮಾಡಿದರೆ ನಿಯಮ ಕೆಲಸ ಮಾಡುತ್ತಿದೆ ಎಂದರ್ಥ.

ಬಾಕಿ ಇರುವುದು ಒಂದು ವಿಚಾರ, ಅದು ಮುಂದಿನ ಆಟಕ್ಕೆ. ನಿಜವಾದ ನಾಲೆಯಲ್ಲಿ ನೀರು ಸಮವಾಗಿ ಹಂಚಿಕೆಯಾಗುವುದಿಲ್ಲ. ಮೇಲಿನವರು ತೆಗೆದುಕೊಂಡು ಬಿಟ್ಟದ್ದು ಕೆಳಗಿನವರಿಗೆ. ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತರ ದೂರು ಇದೇ. ಪ್ರತಿ ತೆರೆದ ತೂಬು ತನ್ನ ಮುಂದೆ ಹರಿಯುವ ನೀರಿನ ಅರ್ಧ ಹಿಡಿದುಕೊಳ್ಳುತ್ತದೆ ಎಂದು ನಿಯಮ ಮಾಡಿದರೆ, 14ರಲ್ಲಿ ಮೊದಲ ತೂಬಿಗೆ 7, ಎರಡನೆಯದಕ್ಕೆ 3.5, ಮೂರನೆಯದಕ್ಕೆ 1.75, ನಾಲ್ಕನೇ ತೂಬಿನ ಭತ್ತಕ್ಕೆ 0.875. ಆ ಗದ್ದೆ 16 ಸೆಕೆಂಡಿಗೆ ಒಣಗುತ್ತದೆ. ಆಗ ಆಟಗಾರನ ಕೆಲಸ ತೆರೆಯುವುದಕ್ಕಿಂತ ಹೆಚ್ಚಾಗಿ ಮೇಲಿನ ತೂಬು ಮುಚ್ಚಿಸುವುದು. ಇದನ್ನು ಈಗಿನ ಆಟಕ್ಕೆ ತುರುಕದೆ, ಕೋಡ್ ಬರೆಯುವ ಮೊದಲು ಐದು ಲೋಟ ಮತ್ತು ಕಡಲೆಕಾಳಿನಿಂದ ಮೇಜಿನ ಮೇಲೆ ಆಡಿ ನೋಡಲು ಹೇಳಲಾಗಿದೆ. ಆರಂಭದ ತೇವ, ಜಮೀನುಗಳ ಕ್ರಮ, ನಾಲೆಯ ಪ್ರಮಾಣ ಮೂರನ್ನೂ ಅಲ್ಲೇ ಗೊತ್ತುಮಾಡಿಕೊಳ್ಳಬಹುದು.